ಹತ್ತುವ ಮೊದಲು ಕೂಗುವವರು

ಸವದತ್ತಿಯ ಮನೆಗಳನ್ನು ಬಾಗಿಲಿನಿಂದ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನೆತ್ತಿಯಿಂದ ಬಲ್ಲವರು ಒಬ್ಬರೇ ಇದ್ದರು. ಕಳೆದ ವಾರ ಅವರೂ ಹೋದರು. ನಾನು ಬೈಲಹೊಂಗಲದಲ್ಲಿ ಪಾಠ ಮುಗಿಸಿ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದಾಗ ಸವದತ್ತಿಯ ಚಹಾದಂಗಡಿಯವನ ಫೋನು ಬಂತು.

"ಸರ, ನಿಮ್ಮ ಕಾಕಾ ಹೋದ್ರಲ್ಲ."

ಜೀವಮಾನವಿಡೀ ಮಾಳಿಗೆಗಳ ಅಂಚಿನಲ್ಲಿ ಓಡಾಡಿದ ಮನುಷ್ಯ. ಎಲ್ಲಿಂದ ಬಿದ್ದರು ಎಂದು ಕೇಳಿದೆ.

"ಬೀಳೂದೆಲ್ಲಿ ಬಂತ್ರಿ. ಜ್ವರಾ ಬಂದಿತ್ತು. ನೆಲದ ಮ್ಯಾಲ ಮಕ್ಕೊಂಡಾವರು ಏಳಲಿಲ್ಲ."

ಅವರು ನನ್ನ ಕಾಕಾ ಅಲ್ಲ. ಊರಿಗೆಲ್ಲ ಕಾಕಾ ಆಗಿದ್ದವರನ್ನು ನಾನೂ ಹಾಗೆ ಕರೆದೆ. ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರು ಹೇಳಿದ್ದ ಒಂದನ್ನು ಹಿಂದೆ ಬರೆದು ಮುಗಿಸಿದ್ದೇನೆ. ಹೆಸರಾದರೂ ಅವರ ಹತ್ತಿರವೇ ಇರಲಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡುವಾಗ ನಮಗೆ ಎರಡು ವರ್ಷ ಕಲಿಸಿದ್ದರ ಸಾರ, ಸಾಕ್ಷಿಗಳನ್ನು ಸುಮ್ಮನೆ ನಂಬಬಾರದು ಎಂಬುದು. ನಾನು ಆ ಪಾಠವನ್ನು ಅಗತ್ಯಕ್ಕಿಂತ ಹೆಚ್ಚು ಕಲಿತೆ. ಈಗ ನನ್ನ ನೆನಪನ್ನೇ ನಂಬುವುದಿಲ್ಲ. ಅವರ ಹೆಗಲ ಮೇಲಿನ ಟವೆಲ್ಲು ಕೆಂಪು ಎಂದು ಬರೆಯಲು ಹೊರಟರೆ ಹಸಿರಾಗುತ್ತದೆ. ಅವರ ಬಿದಿರಿನ ಏಣಿಗೆ ಹನ್ನೊಂದು ಮೆಟ್ಟು ಎಂದು ನೆನಪಿದೆ, ಎಣಿಸಿದ್ದು ಮಾತ್ರ ನೆನಪಿಲ್ಲ. ಹೀಗಾಗಿ ಇಲ್ಲಿರುವ ಅವರ ಮಾತುಗಳೆಲ್ಲ ಅವರವೇ ಎಂದು ಆಣೆ ಮಾಡಲಾರೆ. ಆದರೆ ಅಷ್ಟು ಚೆನ್ನಾದ ಮಾತು ನನಗೆ ಹೊಳೆಯುವುದಿಲ್ಲ ಎಂಬುದೂ ಒಂದು ಸಾಕ್ಷಿಯೇ.

ಅವರ ಕಸುಬು ಮಾಳಿಗೆಯದು. ಮೊದಲು ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಗಳ ಮೇಲೆ ಕರಲು ಮಣ್ಣು ಹಾಸಿ, ಸೋರದಂತೆ ತುಳಿದು ಗಟ್ಟಿ ಮಾಡುತ್ತಿದ್ದರು. ಊರು ಮಣ್ಣು ಬಿಟ್ಟು ಸ್ಲ್ಯಾಬಿಗೆ ಹೋದಾಗ ಅವರು ಟಿ.ವಿ. ಆಂಟೆನಾ ಕೂರಿಸತೊಡಗಿದರು. ಆಂಟೆನಾ ಹೋಗಿ ಡಿಶ್ ತಟ್ಟೆ ಬಂದಾಗ ತಟ್ಟೆ ತಿರುಗಿಸಿದರು. ಕೊನೆಕೊನೆಗೆ ಪ್ಲಾಸ್ಟಿಕ್ ನೀರಿನ ಟಾಕಿಗಳೊಳಗೆ ಇಳಿದು ತೊಳೆಯುತ್ತಿದ್ದರು. ಕೆಲಸ ಬದಲಾಯಿತು, ಎತ್ತರ ಬದಲಾಗಲಿಲ್ಲ.

ಎಲ್ಲ ಕೆಲಸಕ್ಕೂ ಮುಂಚೆ ಅವರದೊಂದು ಕೂಗು ಇತ್ತು. ಏಣಿಯನ್ನು ಗೋಡೆಗೆ ಒರಗಿಸಿ, ಮೊದಲ ಮೆಟ್ಟಿನ ಮೇಲೆ ಒಂದು ಕಾಲಿಟ್ಟು, ಮುಖ ಮೇಲೆತ್ತಿ ಕೂಗುವರು: "ಮ್ಯಾಲ ಹತ್ತಾಕತ್ತೇನ್ರವಾ... ಒಳಗಾಗ್ರೀ..." ಹಿತ್ತಲಲ್ಲಿ ಜಳಕ ಮಾಡುವವರು, ತಲೆ ಒಣಗಿಸುವವರು, ಸೆರಗು ಜಾರಿಸಿಕೊಂಡು ಹಪ್ಪಳ ಲಟ್ಟಿಸುವವರು ಒಳಗೆ ಹೋಗಲಿ ಎಂದು. ಹತ್ತೆಣಿಸುವಷ್ಟು ಹೊತ್ತು ಕಾಯುವರು. ಆಮೇಲೆ ಎರಡನೇ ಮೆಟ್ಟು. ಮಾಳಿಗೆ ಕೆಲಸದವರೆಲ್ಲ ಹಿಂದೆ ಹೀಗೇ ಕೂಗುತ್ತಿದ್ದರಂತೆ. ಉಳಿದವರು ಬಿಟ್ಟರು, ಇವರು ಬಿಡಲಿಲ್ಲ.

ನನಗೆ ಅವರ ಪರಿಚಯವಾದದ್ದು ಒಂದು ಕೈಪಿಡಿಯ ದೆಸೆಯಿಂದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಕಡೆಯಲ್ಲಿ ಪ್ರವಾಸಿಗರು ನಿಂತು ನೋಡಬೇಕಾದ ಹನ್ನೆರಡು ಉತ್ತಮ ಜಾಗಗಳನ್ನು ಹುಡುಕಿ ಬರೆಯಬೇಕು ಎಂದು ಉತ್ಸಾಹಿಗಳ ಒಂದು ಸಮಿತಿ ನನಗೆ ಹೇಳಿತು. ನೋಟಕ್ಕೆ ಅಂಕ ಕೊಡುವುದು ಹಾಸ್ಯಾಸ್ಪದ ಎಂದು ನನಗೆ ಮೊದಲ ದಿನವೇ ಅನಿಸಿತ್ತು. ಎರಡನೇ ದಿನ ಅಂಕ ಕೊಡಲು ಟಿಪ್ಪಣಿ ಪುಸ್ತಕದಲ್ಲಿ ಗೆರೆ ಎಳೆದು ಒಂದು ತಖ್ತೆ ಹಾಕಿಕೊಂಡೆ. ಸುಮ್ಮನೆ ಕೂರುವುದು ನನ್ನಿಂದ ಆಗುವುದಿಲ್ಲ.

ಚಹಾದಂಗಡಿಯಲ್ಲಿ ಸಿಕ್ಕ ಅವರನ್ನು ಕೇಳಿದೆ. "ಕಾಕಾ, ಸವದತ್ತಿ ಛಲೋ ಕಾಣೂ ಜಾಗಾ ಯಾವುದ್ರಿ?"

"ಯಾ ಹೊತ್ತಿನ್ಯಾಗ?"

"ಯಾವ ಹೊತ್ತಾದ್ರೂ ನಡೀತೈತ್ರಿ."

"ಹಂಗಂದ್ರ ನೀವಿನ್ನೂ ಯಾವದೂ ನೋಡಿಲ್ಲ." ಬಸಿಯಲ್ಲಿದ್ದ ಚಹಾ ಮುಗಿಸಿ ಎದ್ದರು. "ಬರ್ರಿ."

ಮೊದಲು ಕೋಟೆಗೆ ಕರೆದುಕೊಂಡು ಹೋದರು. ಬುರುಜಿನ ಮೆಟ್ಟಿಲ ಬುಡದಲ್ಲಿ ನಿಂತು, ನಾನು ಬೆಚ್ಚಿಬೀಳುವಂತೆ ಕೂಗಿದರು. ಸುತ್ತ ಮನೆಯಿಲ್ಲ, ಹಿತ್ತಲಿಲ್ಲ, ಒಣಗಿದ ಹುಲ್ಲು ಬಿಟ್ಟರೆ ಏನೂ ಇಲ್ಲ.

"ಇಲ್ಲಿ ಯಾರದಾರಂತ ಕೂಗತೀರಿ, ಕಾಕಾ?"

"ಯಾರೂ ಇಲ್ಲ ಅನ್ನೂದು ಕೂಗಿದ ಮ್ಯಾಲ ಗೊತ್ತಾಗತೈತಿ."

ಆ ಮಾತು ಮುಗಿಯುವಷ್ಟರಲ್ಲಿ ಬುರುಜಿನ ಮರೆಯಿಂದ ಕಾಲೇಜಿನ ಒಂದು ಜೋಡಿ ಎದ್ದು, ಹುಲ್ಲು ಕೊಡವಿಕೊಳ್ಳುತ್ತ, ನಮ್ಮ ಪಕ್ಕದಲ್ಲೇ ತಲೆ ತಗ್ಗಿಸಿ ಇಳಿದು ಹೋಯಿತು. ಹುಡುಗಿ ನನ್ನ ವಿದ್ಯಾರ್ಥಿನಿ ಎಂದು ನನ್ನ ನೆನಪು ಹೇಳುತ್ತದೆ. ಕಥೆ ಚೆನ್ನಾಗಲಿ ಎಂದು ಅದು ಹೇಳುತ್ತಿರಬಹುದು.

ಆ ಬುರುಜಿಗೆ ನಾನು ನೂರಕ್ಕೆ ಎಂಬತ್ತು ಬರೆದುಕೊಂಡೆ. ಅವರು ಬಗ್ಗಿ ನೋಡಿದರು.

"ಇಪ್ಪತ್ತು ಯಾಕ ಕಡಿಮಿ ಆದೂವು?"

"ಅಲ್ಲಿ ಮೊಬೈಲ್ ಟವರ್ ಅಡ್ಡ ಬರತೈತ್ರಿ."

"ಅದು ಇಲ್ಲಂದ್ರ ಇಲ್ಲಿ ತಗದ ಫೋಟೋ ಹೆಂಗ ಕಳಸತಾರ?"

ಅಂಕ ತಿದ್ದಲಿಲ್ಲ. ಆದರೆ ಆಮೇಲೆ ಅಂಕ ಬರೆಯುವಾಗಲೆಲ್ಲ ಪುಸ್ತಕವನ್ನು ಅವರಿಗೆ ಕಾಣದಂತೆ ಹಿಡಿಯುತ್ತಿದ್ದೆ.

ಹೋಲಿಸಿ ನೋಡಲು ಅವರನ್ನು ಬೇರೆ ಊರುಗಳಿಗೂ ಬಸ್ಸಿನಲ್ಲಿ ಕರೆದೊಯ್ದೆ. ಅದು ನನ್ನ ತಪ್ಪು ಎಂದು ಆಗ ಅನಿಸಿತ್ತು. ಕಿತ್ತೂರಿನಲ್ಲಿ ಗುಡ್ಡ ಹತ್ತಿ ಕೋಟೆಯ ಕಡೆ ತೋರಿಸಿ, ಅರಮನೆಯ ಬಗ್ಗೆ ನಾನು ಕಲಿತದ್ದನ್ನೆಲ್ಲ ಹೇಳಿದೆ. ಬರೀ ಗೋಡೆಗಳು ನಿಂತಿರುವ ಆ ಅರಮನೆಯನ್ನು ಅವರು ಬಹಳ ಹೊತ್ತು ನೋಡಿದರು. ಅವರ ಕಣ್ಣು ತೇವವಾಗಬಹುದೆಂದು ನಾನು ಕಾದೆ.

"ಮಾಳಗೀನ ಇಲ್ಲ. ಇನ್ನ ಸೋರೂ ಚಿಂತಿಲ್ಲ" ಎಂದರು.

ರಾಮದುರ್ಗದಲ್ಲಿ ಇನ್ನೂ ಫಜೀತಿಯಾಯಿತು. ಊರನ್ನು ಬಳಸಿಹೋಗುವ ಮಲಪ್ರಭೆ ಸಂಜೆ ಬಿಸಿಲಿಗೆ ಹೊಳೆಯುವುದನ್ನು ಎತ್ತರದಿಂದ ನೋಡಬೇಕು ಎಂಬುದು ನನ್ನ ಯೋಜನೆ. ಅವರು ಹೊಳೆಯನ್ನು ನೋಡಲೇ ಇಲ್ಲ. ಕೆಳಗಿನ ಯಾವುದೋ ಮನೆಯ ಮಾಳಿಗೆಯಿಂದ ಮಳೆನೀರು ಹೊರಗೆ ಹೋಗುವ ದೋಣಿಯಲ್ಲಿ ಕಸ ಕಟ್ಟಿಕೊಂಡಿರುವುದು ಅವರಿಗೆ ಕಂಡಿತು. "ಒಂದ ಮಳಿ ಸಾಕು, ಗ್ವಾಡಿ ಕುಂದರತೈತಿ" ಎಂದು ಇಳಿದೇಬಿಟ್ಟರು. ಆ ಮನೆಯನ್ನು ಓಣಿಯಿಂದ ಗುರುತಿಸುವಷ್ಟರಲ್ಲಿ ಒಂದು ತಾಸು ಹೋಯಿತು. ನೆತ್ತಿಯಿಂದ ಕಂಡ ಮನೆ ಬಾಗಿಲಿನಿಂದ ಬೇರೆಯೇ ಇರುತ್ತದೆ. ಮನೆಯ ಯಜಮಾನ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ.

"ನಮ್ಮ ಮಾಳಗ್ಯಾಗಿನ ಕಸ ನಿಮಗ ಹೆಂಗ ಕಾಣ್ತು? ಎಲ್ಲಿಂದ ಇಣಿಕಿ ಹಾಕಾಕತ್ತಿದ್ರಿ?"

ನಾನು ವಿಶ್ವವಿದ್ಯಾಲಯದ ಹೆಸರು, ಕೈಪಿಡಿ, ಸಮಿತಿ ಎಂದೆಲ್ಲ ಶುರುಮಾಡಿದೆ. ಅವರು ನನ್ನ ತೋಳು ಹಿಡಿದು ಸುಮ್ಮನಾಗಿಸಿದರು. "ಅಂವ ಕೇಳೂದು ಬರೋಬ್ಬರಿ ಐತಿ" ಎಂದು ಯಜಮಾನನಿಗೆ ಕೈ ಮುಗಿದು, ಅವನ ಮನೆಯ ಹೆಂಗಸರಿಗೆ ಕೂಗಿ ಹೇಳಿ, ಅವನದೇ ಏಣಿ ಹತ್ತಿ ದೋಣಿ ಬಿಡಿಸಿ ಇಳಿದರು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ನನ್ನ ಕೈಪಿಡಿಯಲ್ಲಿ ರಾಮದುರ್ಗದ ಸೂರ್ಯಾಸ್ತದ ವರ್ಣನೆ ಇದೆ. ನಾನದನ್ನು ನೋಡಿಲ್ಲ. ಓದಿದವರು ಅದನ್ನೇ ಹೆಚ್ಚು ಮೆಚ್ಚಿದರು.

ಹೀಗೆ ಸವದತ್ತಿ ಹತ್ತಿರದ ಹೂಲಿಯ ಗುಡ್ಡವೂ ಸೇರಿ ಹನ್ನೊಂದು ಜಾಗ ಆದವು. ಒಂದು ಕಡಿಮೆ ಬಿತ್ತು. ಆಗ ಅವರು, ಯಾಕೋ ಗೊತ್ತಿಲ್ಲ, "ಒಂದೈತಿ. ಮಧ್ಯಾಹ್ನ ಬರ್ರಿ" ಎಂದರು.

ಸವದತ್ತಿಯ ಹಳೆಯ ಓಣಿಯೊಂದರ ತುದಿಯಲ್ಲಿ ಒಂದು ಗುಂಡು ಕಾವಲು ಗೋಪುರ ಇದೆ. ನಮ್ಮ ಕಡೆ ಇಂಥದಕ್ಕೆ ಹುಡೇವು ಎನ್ನುತ್ತಾರೆ. ಕೆಳಗಿನಿಂದ ನೋಡಿದರೆ ಕುಸಿದ ಕಲ್ಲಿನ ರಾಶಿಯಂತೆ ಕಾಣುತ್ತದೆ. ಉರಿಬಿಸಿಲಿನಲ್ಲಿ ಅದರ ಬುಡದಲ್ಲಿ ನಿಂತು ಅವರು ಕೂಗಿದರು. ಅಂದು ಹತ್ತೆಣಿಸಲಿಲ್ಲ, ಬಹಳ ಹೊತ್ತು ಕಾದರು. ಪಕ್ಕದ ಮನೆಯೊಳಗಿಂದ ಒಂದು ಹೆಂಗಸಿನ ದನಿ ಬಂತು. "ಹತ್ತಪಾ, ನಾವು ಒಳಗ ಅದೇವಿ."

ಮೇಲೆ ಹೋದರೆ ಏನು ಹೇಳಲಿ. ಒಂದು ಕಡೆ ಕೋಟೆ, ಒಂದು ಕಡೆ ಎಲ್ಲಮ್ಮನ ಗುಡ್ಡದ ಸಾಲು, ದೂರದಲ್ಲಿ ಆಣೆಕಟ್ಟಿನ ಹಿನ್ನೀರು ಬಿಸಿಲಿಗೆ ತಗಡಿನಂತೆ. ನಡುವೆ ಇಡೀ ಹಳೆಯ ಊರು, ಮಾಳಿಗೆಗೆ ಮಾಳಿಗೆ ಹತ್ತಿಕೊಂಡು, ಒಂದೇ ಅಂಗಳದಂತೆ. ನಾನು ಸುತ್ತಲೂ ತಿರುಗಿದೆ. ತಖ್ತೆಯಲ್ಲಿ ನೂರು ಬರೆದೆ. ಅವರು ಆ ದಿನ ಪುಸ್ತಕಕ್ಕೆ ಬಗ್ಗಲಿಲ್ಲ. ಊರಿನ ಕಡೆಗೂ ನೋಡಲಿಲ್ಲ, ಗುಡ್ಡದ ಕಡೆಗೆ ಮುಖ ಮಾಡಿ ಕೂತಿದ್ದರು. ಆಮೇಲೆ ನಾನು ಕೆಳಗೆ ನೋಡಿದೆ. ಹುಡೇವಿನ ಬುಡಕ್ಕೇ ಹತ್ತಿಕೊಂಡು ಆ ಮನೆಯ ಹಿತ್ತಲು ಇತ್ತು. ಎದೆಮಟ್ಟ ಕಲ್ಲು ನಿಲ್ಲಿಸಿದ, ಮೇಲೆ ಮಾಡು ಇಲ್ಲದ ಬಚ್ಚಲು. ಅದರ ಹಂಡೆ, ಹಗ್ಗದ ಮೇಲಿನ ಸೀರೆ, ಅರ್ಧ ಲಟ್ಟಿಸಿಟ್ಟ ಹಪ್ಪಳ, ಎಲ್ಲ ಕೈಗೆ ಸಿಗುವಂತೆ ಕಾಣುತ್ತಿದ್ದವು.

"ಇದನ್ನ ಬರೀಬ್ಯಾಡ್ರಿ, ಸರ" ಎಂದರು. "ತೋರಸಬೇಕು ಅನಿಸ್ತು, ತೋರಿಸಿದ್ನಿ. ಬರದ್ರ ಮಂದಿ ಬರತಾರ. ಈ ಮನ್ಯಾವರು ಎಲ್ಲಿ ಜಳಕಾ ಮಾಡಬೇಕು?"

ನಾನು ಏನೆಂದೆ? ಹೂಂ ಅಂದೆ ಎಂದು ಒಂದು ನೆನಪು. ಏನೂ ಹೇಳದೆ ಹಿನ್ನೀರಿನ ಫೋಟೋ ತೆಗೆಯುತ್ತಿದ್ದೆ ಎಂದು ಇನ್ನೊಂದು ನೆನಪು. ಕೈಪಿಡಿ ಅಚ್ಚಿಗೆ ಹೋಗುವ ವಾರ ನಾನು ಎರಡನೆಯದನ್ನೇ ನಂಬಿದೆ. ಸಮಿತಿಯವರು ಹನ್ನೆರಡನೆಯದು ಎಲ್ಲಿ ಎಂದು ದಿನಾ ಕೇಳುತ್ತಿದ್ದರು. ಮಾತು ಕೊಟ್ಟದ್ದಕ್ಕೆ ಆಧಾರವಿಲ್ಲ ಎಂದು ನನಗೆ ನಾನೇ ವಾದಿಸಿ, ಹುಡೇವನ್ನು ಸೇರಿಸಿದೆ. ಸೇರಿಸಿದ್ದಷ್ಟೇ ಅಲ್ಲ, ನಾಲ್ಕೂ ಕಡೆಗಳಲ್ಲಿ ಇದೇ ಅತ್ಯುತ್ತಮ ಎಂದು ಬರೆದೆ. ಸತ್ಯ ಬರೆದ ಹೆಮ್ಮೆಯೂ ಆಯಿತು. ಸಮಿತಿಯವರು ಓಣಿಯ ಬಾಯಿಗೆ ಕಂಬ ನೆಟ್ಟು ಹಳದಿ ಫಲಕ ಕಟ್ಟಿದರು. ಫಲಕದಲ್ಲಿ ಬಾಣದ ಗುರುತು.

ಕೆಲವು ತಿಂಗಳು ಆ ಕಡೆ ಹೋಗಲಿಲ್ಲ. ಕೆಲಸ ಇತ್ತು ಎಂದುಕೊಳ್ಳೋಣ. ಹೋದಾಗ ಹುಡೇವಿನ ಬುಡದಲ್ಲಿ ಒಂದು ಕಲ್ಲಿನ ಮೇಲೆ ಅವರು ಕೂತಿದ್ದರು. ಏಣಿ ಇರಲಿಲ್ಲ. ಟಾಕಿ ತೊಳೆಯುವುದನ್ನು ಬಿಟ್ಟಿದ್ದರು. ಕಾರಿನಿಂದ ಇಳಿದ ನಾಲ್ಕೈದು ಮಂದಿ ಮೆಟ್ಟಿಲ ಕಡೆ ಹೋಗುತ್ತಿದ್ದಂತೆ ಅವರು ಕೈ ಅಡ್ಡ ಹಿಡಿದರು, ಮುಖ ಮೇಲೆತ್ತಿ ಕೂಗಿದರು. "ಮ್ಯಾಲ ಮಂದಿ ಹತ್ತಾಕತ್ತಾರ್ರವಾ... ಒಳಗಾಗ್ರೀ..." ಕಾದರು. ಒಳಗಿಂದ ದನಿ ಬಂದ ಮೇಲೆ ಕೈ ಇಳಿಸಿದರು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ.

"ಕಾಕಾ, ಸಿಟ್ಟಾಗೇರೇನ್ರಿ?"

"ಸಿಟ್ಯಾಕ? ನೀವು ಬರದ್ರಿ, ನಾ ಕೂಗತೇನಿ. ಇಬ್ಬರಿಗೂ ಒಂದೊಂದು ಉದ್ಯೋಗ ಆತು."

ಕೈಪಿಡಿಯ ಮುಂದಿನ ಮುದ್ರಣದಲ್ಲಿ ತೆಗೆಸುತ್ತೇನೆ ಎಂದೆ. "ಹೂಂ" ಎಂದರು. ಅವರ ಹೂಂ ನನಗೆ ಸ್ಪಷ್ಟವಾಗಿ ನೆನಪಿದೆ. ಮುಂದಿನ ಮುದ್ರಣ ಬರಲಿಲ್ಲ. ಸಮಿತಿ ತಾನಾಗಿ ಕರಗಿತು, ಫಲಕ ಕರಗಲಿಲ್ಲ.

ಇದಕ್ಕಿಂತ ತಮಾಷೆ ಮುಂದಿನದು. ಅವರ ಕೂಗನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದರು. ಹುಡೇವು ನೋಡಲು ಬರುವವರಿಗಿಂತ ಕೂಗು ಕೇಳಲು ಬರುವವರು ಹೆಚ್ಚಾದರು. ನನ್ನೆದುರಿಗೇ ಒಬ್ಬ, "ಅಜ್ಜಾರ, ಇನ್ನೊಮ್ಮೆ ಕೂಗ್ರಿ, ಕ್ಯಾಮೆರಾ ಚಾಲೂ ಇರಲಿಲ್ಲ" ಎಂದ.

"ಇನ್ನೊಮ್ಮೆ ಹತ್ತತೀರೇನು?"

"ಇಲ್ರಿ, ಇಳಿದು ಬಂದೇವಲ್ಲ."

"ಹಂಗಾರ ಇನ್ನೊಮ್ಮೆ ಯಾಕ? ಒಳಗಿನಾವರು ಖಾಲಿ ಪುಕಟ ಎದ್ದು ಓಡಬೇಕೇನು?"

ಚಹಾದಂಗಡಿಯವನ ಫೋನು ಬಂದ ಮರುದಿನ ಸವದತ್ತಿಗೆ ಹೋದೆ. ಅವರ ಮನೆಯಲ್ಲಿ ಮಾತಾಡಿಸಿ ಹೊರಗೆ ಬಂದ ಮೇಲೆ ಕಾಲು ಹುಡೇವಿನ ಕಡೆಗೇ ಹೋದವು. ಕಲ್ಲು ಖಾಲಿ ಇತ್ತು. ಧಾರವಾಡದ ಕಡೆಯವರೆಂದು ತೋರುವ ಗಂಡ ಹೆಂಡತಿ ಆಗಲೇ ಮೊದಲ ಮೆಟ್ಟಿಲಿನ ಮೇಲಿದ್ದರು. ನಾನು ಕೈ ಅಡ್ಡ ಹಿಡಿದೆ. ಹಿಡಿದ ಮೇಲೆ ಕೂಗಲೇಬೇಕಾಯಿತು. ತರಗತಿಯಲ್ಲಿ ದಿನಕ್ಕೆ ನಾಲ್ಕು ತಾಸು ಮಾತಾಡುವ ಗಂಟಲಿನಿಂದ ಕೊನೆಗೆ ಹೊರಟ ಮಾತು, "ದಯವಿಟ್ಟು ಎಲ್ಲರೂ ಒಳಗೆ ಹೋಗಬೇಕು."

ಹಿತ್ತಲ ಗೋಡೆಯಾಚೆ ಏನೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. "ಯಾರಪಾ ಅದು, ಓಟು ಕೇಳಾಕ ಬಂದೀಯೇನು? ಜೋರ ಕೂಗ. ಅಂವನ ದನಿ ಊರ ಅಗಸೀತನಾ ಕೇಳತಿತ್ತು."

ಜೋರಾಗಿ ಕೂಗಿದೆ. ಅವರ ಮಾತಿನಲ್ಲೇ ಕೂಗಿದೆ. ಗಂಡ ಹೆಂಡತಿ ಹತ್ತಿ, ನೋಡಿ, ಇಳಿದು ಹೋದರು. ಆಮೇಲೆ ಹಿತ್ತಲ ಬಾಗಿಲು ತೆರೆಯಿತು. ದನಿಯಷ್ಟೇ ಗೊತ್ತಿದ್ದ ಆ ಮನೆಯ ಮುದುಕಿಯನ್ನು ಮೊದಲ ಸಲ ನೋಡಿದೆ. ಎಡಗಾಲು ಎಳೆದು ಹಾಕುತ್ತ ಬಂದು ಹೊಸ್ತಿಲ ಮೇಲೆ ಕೂತರು.

"ಬರದಾಂವ ನೀನ ಏನು?"

"ಹೌದ್ರಿ, ಆಯಿ."

"ಅಂವ ಹೇಳಿದ್ದ. ಓದಿದಾಂವ, ಕೆಟ್ಟಾಂವ ಅಲ್ಲ, ಮರತಿರಬೇಕು ಅಂತ."

ನಾನು ಮಾತು ತಪ್ಪಿಸಲು ಪದ್ಧತಿಯ ಕಡೆ ಹೊರಳಿದೆ. "ಮಾಳಗಿ ಹತ್ತಾವರು ಎಲ್ಲಾರೂ ಹಿಂಗ ಕೂಗತಿದ್ರು ಅಂತಲ್ಲ, ಆಯಿ?"

"ಎಲ್ಲಾರೂ ಕೂಗತಿದ್ರು. ಅಂವ ಒಂದ ದಿನ ಕೂಗಲಿಲ್ಲ." ಎಡಗಾಲನ್ನು ಕೈಯಿಂದ ಎತ್ತಿ ನೇರ ಇಟ್ಟುಕೊಂಡರು. "ನಾ ಲಗ್ನ ಆಗಿ ಬಂದು ತಿಂಗಳಾಗಿರಲಿಲ್ಲ. ಹುಡೇವಿನ ಮ್ಯಾಲ ಆಲದ ಸಸಿ ಬಂದಿತ್ತು, ಕೀಳಾಕ ಅಂವನ್ನ ಹತ್ತಿಸಿದ್ರು. ನಾ ಬಚ್ಚಲದಾಗ ಇದ್ನಿ. ಮ್ಯಾಲ ನೋಡಿದ್ರ ಆಳು. ಓಡಿದ್ನಿ, ಕಲ್ಲ ಜಾರ್ತು, ಕಾಲ ಮುರೀತು. ಸಸಿ ಬೇರ ನೋಡಾಕತ್ತಿದ್ನಿ, ನಿಮ್ಮನ್ನ ನೋಡಿಲ್ಲ ಅಂದ. ನಾ ನಂಬಲೂ ಇಲ್ಲ, ನಂಬದ ಇರಲೂ ಇಲ್ಲ. ಆವತ್ತಿಂದ ಕೂಗಾಕತ್ತಾಂವ ನೋಡು, ಮೊನ್ನೀತನಾ ಕೂಗಿದ."

ಅಂದು ಹುಡೇವಿನ ಮೇಲೆ ಅವರು ಊರಿಗೆ ಬೆನ್ನು ಮಾಡಿ ಕೂತಿದ್ದು ನನ್ನ ನೆನಪಿಗೆ ಬಂತು. ಅಥವಾ ಈ ಮಾತು ಕೇಳಿದ ಮೇಲೆ ಅವರನ್ನು ಹಾಗೆ ಕೂರಿಸಿದೆನೋ.

ಮುದುಕಿ ಮುಂದಿನದನ್ನು ಕೇಳಿದರು. ಅದಕ್ಕೆ ಆಧಾರ, ಅನುಮಾನ ಯಾವುದೂ ಬೇಕಿರಲಿಲ್ಲ. "ನಾಳಿಂದ ಯಾರ ಕೂಗತಾರ? ಮನ್ಯಾಗ ಸೊಸಿ ಅದಾಳ, ಬೆಳದ ಮೊಮ್ಮಗಳು ಅದಾಳ. ನಿನಗ ಸಾಲಿ ಐತಿ."

ಬೈಲಹೊಂಗಲದ ಬಸ್ಸು ಐದೂವರೆಗೆ. ನಾನು ಕಾಕಾರ ಮನೆಗೆ ವಾಪಸ್ಸು ಹೋಗಿ, ಓಣಿಯ ಬಾಯಿಯ ಫಲಕ ಇಳಿಸಲು ಏಣಿ ಕೇಳಿದೆ. ಅವರ ಮಗ ಏಣಿ ಕೊಟ್ಟ, ಜೊತೆಗೆ ತಂತಿ ಕತ್ತರಿಸಲು ಪಕ್ಕಡವನ್ನೂ ಕೊಟ್ಟ. ಫಲಕ ಇಳಿಸಿದ ಮಾತ್ರಕ್ಕೆ ಜನ ಬರುವುದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. ಮೊಬೈಲಿನ ನಕ್ಷೆಯಲ್ಲಿ ಹುಡೇವು ಇನ್ನೂ ಇದೆ, ಅಲ್ಲಿಗೆ ಹಾಕುವ ಏಣಿ ನನ್ನ ಹತ್ತಿರ ಇಲ್ಲ. ಆದರೂ ಬಾಣದ ಗುರುತು ನನ್ನದು. ಓಣಿಯ ಬಾಯಲ್ಲಿ ಕಂಬಕ್ಕೆ ಏಣಿ ಒರಗಿಸಿ ಮೆಟ್ಟು ಎಣಿಸಿದೆ. ಒಂಬತ್ತು ಇದ್ದವು.

ಮೊದಲ ಮೆಟ್ಟಿನ ಮೇಲೆ ಕಾಲಿಟ್ಟ ಮೇಲೆ ತಿಳಿಯಿತು, ಮೇಲೆ ಹೋದರೆ ಎರಡೂ ಬದಿಯ ಹಿತ್ತಲುಗಳು ಕಾಣುತ್ತವೆ. ಮುಖ ಮೇಲೆತ್ತಿ ಕೂಗಿದೆ.

"ಮ್ಯಾಲ ಹತ್ತಾಕತ್ತೇನ್ರವಾ... ಒಳಗಾಗ್ರೀ..."

ಹತ್ತೆಣಿಸಿದೆ. ಓಣಿಯ ತುದಿಯಿಂದ ಮುದುಕಿಯ ದನಿ ಬಂತು.

"ಹತ್ತಪಾ, ನಾವು ಒಳಗ ಅದೇವಿ. ಜ್ವಾಕಿ ಮತ್ತ. ಈ ಓಣ್ಯಾಗ ಒಂದು ಕಾಲು ಮುರದದ್ದ ಸಾಕು."